ಗಂಡು ಬೆಳೆಸುವ ಕಷ್ಟ: ಸಿರುಗುಪ್ಪದ ತಮ್ಮನಿಗೊಂದು ಬಹಿರಂಗ ಪತ್ರ

ಚಿರಂಜೀವಿ ತಮ್ಮನಿಗೆ ಬಳ್ಳಾರಿಯಿಂದ ಅಕ್ಕನ ಆಶೀರ್ವಾದಗಳು.

ಮನೆ ಮಾತು ಮನೆಯಲ್ಲೇ ಇರಬೇಕು ಅಂತ ಅಪ್ಪ ಹೇಳುತ್ತಿದ್ದ. ಆದರೆ ಫೋನಿನಲ್ಲಿ ಹೇಳಿದರೆ ನೀನು ‘ನೆಟ್‌ವರ್ಕ್ ಇಲ್ಲಕ್ಕಾ’ ಅನ್ನುತ್ತೀ, ವಾಟ್ಸಾಪಿನಲ್ಲಿ ಬರೆದರೆ ಕೈಮುಗಿದ ಚಿತ್ರ ಕಳಿಸಿ ಸುಮ್ಮನಾಗುತ್ತೀ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಗಾಬರಿಯಾಗಬೇಡ. ಸಿರುಗುಪ್ಪದಿಂದ ತೆಕ್ಕಲಕೋಟೆವರೆಗೆ ಇರುವ ತಮ್ಮಂದಿರಲ್ಲಿ ಅರ್ಧ ಜನ ಇದು ತಮಗೇ ಬರೆದದ್ದು ಅಂದುಕೊಳ್ಳುತ್ತಾರೆ. ಉಳಿದ ಅರ್ಧ ಜನ ಪೇಪರು ಓದುವುದಿಲ್ಲ.

ಹೋದ ಸಲ ನಾನು ಊರಿಗೆ ಬಂದಾಗ ಕಟ್ಟೆ ಮೇಲೆ ಕೂತು ನೀನು ಒಂದು ಮಾತು ಅಂದೆ. “ಅಕ್ಕಾ, ಗಂಡ್ ಹುಡುಗ್ರನ್ನ ಬೆಳೆಸೋದು ಭಾಳ ಕಷ್ಟ. ಹೆಣ್ಣಾದ್ರ ಅದರ ಪಾಡಿಗೆ ಅದು ಬೆಳಿತೈತಿ.” ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಗಂಡು ಬೆಳೆಸುವವರ ಕಷ್ಟವನ್ನು ನಮ್ಮಲ್ಲಿ ಯಾರೂ ಸರಿಯಾಗಿ ಬರೆದಿಲ್ಲ. ಹೆಣ್ಣುಮಕ್ಕಳಿಗೆ ಯೋಜನೆಗಳಿವೆ, ದಿನಾಚರಣೆಗಳಿವೆ, ಆಟೋಗಳ ಹಿಂದೆ ಘೋಷಣೆಗಳಿವೆ. ಒಂದು ಚೊಂಬು ನೀರನ್ನೂ ತಾನೇ ತಗೊಂಡು ಕುಡಿಯದ ಹಾಗೆ ಒಬ್ಬ ಹುಡುಗನನ್ನು ಹದಿನೆಂಟು ವರ್ಷ ಕಾಪಾಡಿದ ತಂದೆತಾಯಿಗೆ ಒಂದು ಶಾಲು ಹೊದಿಸಿದವರಿಲ್ಲ.

ನಿನ್ನ ಮನೆಯಲ್ಲಿ ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಬೆಳಿಗ್ಗೆ ಐದೂವರೆಗೆ ನಿನ್ನ ಮಗಳು ಎದ್ದು ಅಂಗಳ ಗುಡಿಸಿ, ನೀರು ಹೊಡೆದು, ರಂಗೋಲಿ ಹಾಕುತ್ತಾಳೆ. ನಲ್ಲಿ ಬರುವ ದಿನವಾದರೆ ಕೊಡ, ಬಕೆಟ್ಟು, ಡ್ರಮ್ಮು ತುಂಬಿಸುತ್ತಾಳೆ. ಆಮೇಲೆ ರೊಟ್ಟಿ ಬಡಿಯಲು ಕೂರುತ್ತಾಳೆ. ಹಂಚಿನ ಮೇಲೆ ರೊಟ್ಟಿ ಬೇಯುವ ಹೊತ್ತಿನಲ್ಲಿ ಪಕ್ಕಕ್ಕಿಟ್ಟ ಪುಸ್ತಕ ಓದುತ್ತಾಳೆ; ಹಾಳೆ ತುಂಬ ಹಿಟ್ಟಿನ ಬೆರಳಚ್ಚು. ಇದರಲ್ಲಿ ನಿನಗೆ ಖರ್ಚಿಲ್ಲ, ಶ್ರಮವಿಲ್ಲ. ಅದರ ಪಾಡಿಗೆ ಅದು ಬೆಳೆಯುತ್ತಿದೆ. ಎಂಟೂವರೆಗೆ ಮಗರಾಯ ಏಳುತ್ತಾನೆ. ಅಲ್ಲಿಂದ ನೋಡು ಕಷ್ಟ ಶುರು. ಎಬ್ಬಿಸಲು ಅವ್ವ ಮೂರು ಸಲ ಒಳಗೆ ಹೋಗಬೇಕು. ಬಿಸಿನೀರು ತೋಡಬೇಕು, ಟವೆಲು ಬಾಗಿಲ ಮೇಲೆ ಹಾಕಬೇಕು, ಇಸ್ತ್ರಿ ಮಾಡಿದ ಅಂಗಿ ಮಂಚದ ಮೇಲಿರಬೇಕು. ಪುಂಡಿಪಲ್ಯ ನೋಡಿದರೆ ಮುಖ ಸಿಂಡರಿಸುತ್ತಾನೆ ಅಂತ ಅವನಿಗೊಂದು ಆಮ್ಲೆಟ್ಟು ಬೇರೆ. ಉಂಡ ತಾಟು ಕೂತಲ್ಲೇ. ಆ ತಾಟಿಗೂ ಬಚ್ಚಲಿಗೂ ನಾಲ್ಕು ಹೆಜ್ಜೆ ದೂರ. ನಮ್ಮ ವಂಶದ ಯಾವ ಗಂಡಸೂ ಆ ದೂರ ಕ್ರಮಿಸಿದ ದಾಖಲೆ ಇಲ್ಲ.

ಒಬ್ಬ ಹುಡುಗ ಮನೆ ಬಿಟ್ಟು ಹೊರಡಬೇಕಾದರೆ ಮೂರು ಹೆಂಗಸರ ಇಡೀ ಬೆಳಗು ಖರ್ಚಾಗುತ್ತದೆ. ಕಷ್ಟ ಅಂದೆಯಲ್ಲ, ಕಷ್ಟವೇ. ಆ ಕಷ್ಟ ಪಡುವವರ ಸಾಲಿನಲ್ಲಿ ನೀನೆಲ್ಲಿದ್ದೀ ಅಂತ ಹುಡುಕಿದೆ. ಕಟ್ಟೆ ಮೇಲೆ ಕೂತು ಚಹಾ ಇನ್ನೂ ಬಂದಿಲ್ಲ ಅಂತ ಕೂಗುತ್ತಿದ್ದೆ.

2024ರಲ್ಲಿ ಮಕ್ಕಳಿಬ್ಬರೂ ಒಟ್ಟಿಗೇ ಎಸ್ಸೆಸ್ಸೆಲ್ಸಿಗೆ ಕೂತರು. ಅವನು ಒಂದು ವರ್ಷ ದೊಡ್ಡವನು, ಆದರೆ ಒಂಬತ್ತನೇ ಕ್ಲಾಸು ಅವನನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಆ ವರ್ಷ ರಾಜ್ಯದಲ್ಲಿ ಪರೀಕ್ಷೆ ಬರೆದ ಹುಡುಗಿಯರಲ್ಲಿ ನೂರಕ್ಕೆ 81 ಮಂದಿ ಪಾಸಾದರೆ ಹುಡುಗರಲ್ಲಿ ಪಾಸಾದವರು 66ರ ಹತ್ತಿರ. ಮರುವರ್ಷ ಹುಡುಗಿಯರು 74, ಹುಡುಗರು 58. ಫಲಿತಾಂಶದ ಮರುದಿನ ‘ಬಾಲಕಿಯರೇ ಮೇಲುಗೈ’ ಅನ್ನುವ ತಲೆಬರಹ ವರ್ಷಾ ವರ್ಷಾ ಬರುತ್ತದೆ. ಬಾಲಕರಿಗೆ ಏನಾಗಿದೆ ಅಂತ ಕೇಳುವ ತಲೆಬರಹ ನನಗಂತೂ ಕಂಡಿಲ್ಲ. ಸರ್ಕಾರಕ್ಕೂ ಗಂಡುಮಕ್ಕಳ ಕಷ್ಟ ತಿಳಿದಿರಬೇಕು, 2024ರಿಂದಲೇ ಪರೀಕ್ಷೆ 1, ಪರೀಕ್ಷೆ 2, ಪರೀಕ್ಷೆ 3 ಅಂತ ಮೂರು ಅವಕಾಶ ಕೊಟ್ಟಿತು. ನಿನ್ನ ಮಗ ಮೂರನ್ನೂ ಒಂದೇ ಸಮಚಿತ್ತದಿಂದ ನೋಡಿದ. ಹುಡುಗ ಮನಸ್ಸಿಗೆ ಹಚ್ಚಿಕೊಂಡಾನು ಅಂತ ನೀನು ಬೈಕು ಕೊಡಿಸಿದೆ. ಹದಿನೆಂಟು ತುಂಬದ ಹುಡುಗನ ಕೈಗೆ ಗಾಡಿ ಕೊಟ್ಟರೆ, 2019ರ ತಿದ್ದುಪಡಿಯ ಪ್ರಕಾರ 25,000 ರೂಪಾಯಿ ದಂಡ ಬೀಳುವುದು ಹುಡುಗನಿಗಲ್ಲ, ತಂದೆಗೆ. ಆ ಅಪಾಯವನ್ನೂ ತಲೆಮೇಲೆ ಹೊತ್ತುಕೊಂಡೆಯಲ್ಲ, ಗಂಡು ಬೆಳೆಸುವುದು ಯಾರಿಗೆ ಸುಲಭ?

ಮಗಳಿಗೆ ಫಸ್ಟ್ ಕ್ಲಾಸು ಬಂತು. ಅವಳಿಗೇನು ಕೊಡಿಸಿದೆ ಅಂತ ಕೇಳಿದೆ. ನೀನು ನನ್ನ ಕಡೆ ತಿರುಗಿ, “ನಿಮ್ಮ ಬಳ್ಳಾರಿ ಕಡೆ ಯಾರಾದ್ರೂ ಒಳ್ಳೆ ಹುಡುಗ ಇದ್ರ ನೋಡಿಡಕ್ಕಾ” ಅಂದೆ.

ಅವಳ ಹೆಸರಿನಲ್ಲಿ ಭಾಗ್ಯಲಕ್ಷ್ಮಿ ಬಾಂಡಿದೆ. 2006ರ ಮಾರ್ಚ್ ನಂತರ ಹುಟ್ಟಿದ ಬಡವರ ಮನೆಯ ಹೆಣ್ಣುಮಕ್ಕಳಿಗೆ ಅಂತ ಸರ್ಕಾರ ಇಟ್ಟ ದುಡ್ಡು. ಕಾಲುವೆ ನೀರಿನ ಹೊಲ, ಟ್ರ್ಯಾಕ್ಟರು ಇರುವ ನಮ್ಮ ಮನೆಗೆ ಬಿಪಿಎಲ್ ಕಾರ್ಡು ಹೇಗೆ ಬಂತು ಅನ್ನುವುದನ್ನು ಈ ಪತ್ರದಲ್ಲಿ ಎತ್ತುವುದಿಲ್ಲ, ಅಷ್ಟು ಮರ್ಯಾದೆ ನನಗಿದೆ. ಹದಿನೆಂಟರವರೆಗೆ ಮದುವೆ ಮಾಡಬಾರದು, ಓದಿಸಬೇಕು ಅಂತ ಆ ಬಾಂಡಿಗೆ ಷರತ್ತು. ಷರತ್ತನ್ನು ನೀನು ಚಾಚೂ ತಪ್ಪದೆ ಪಾಲಿಸುತ್ತಿದ್ದೀ: ಹದಿನೆಂಟು ತುಂಬಿದ ಮರುದಿನಕ್ಕೆ ಛತ್ರ ಕೇಳಿಟ್ಟಿದ್ದೀ. ಅವಳು ಬಳ್ಳಾರಿಗೆ ಬಂದು ಡಿಗ್ರಿ ಓದುತ್ತೇನೆ ಅಂದರೆ, ‘ದಿನಾ ಹೋಗಿ ಬರೋದು ಹೆಂಗ’ ಅನ್ನುತ್ತೀ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆ. ಅವ್ವ ಆ ಬಸ್ಸಿನಲ್ಲೇ ಹುಲಿಗಿಗೆ, ಮಂತ್ರಾಲಯದ ಹಾದಿಗೆ ಓಡಾಡುತ್ತಾಳೆ. ಹಾಗಂದರೆ ನಿನ್ನ ಉತ್ತರ: “ಬಸ್ ಪುಕ್ಕಟೆ ಆದ್ರ ಏನಾತು, ಜನ ಏನಂತಾರ?” ಬೈಕಿನ ಪೆಟ್ರೋಲಿಗೆ ಜನ ಏನೂ ಅನ್ನುವುದಿಲ್ಲ ಅನ್ನುವುದನ್ನು ಗಮನಿಸಿದ್ದೇನೆ.

ನಮ್ಮ ಮನೆಯಲ್ಲಿ ಇದು ಹೊಸದಲ್ಲ. ಈಜು ಕಲಿತದ್ದು ನೆನಪಿದೆಯಾ? ಕಾಲುವೆಗೆ ನೀರು ಬಿಟ್ಟರೆ ಸಾಕು, ಅಪ್ಪ ಗಾಳಿ ತುಂಬಿದ ಟ್ಯೂಬನ್ನು ನಿನ್ನ ಸೊಂಟಕ್ಕೆ ಕಟ್ಟಿ, ಹಗ್ಗದ ತುದಿ ತಾನು ಹಿಡಿದು ನೀರಿಗಿಳಿಸುತ್ತಿದ್ದ. ಗಂಡು ಹುಡುಗನಿಗೆ ಈಜು ಬರಬೇಕು. ಅಲ್ಲೇ ಪಕ್ಕದ ಮೆಟ್ಟಿಲಲ್ಲಿ ನಾನೂ ಸಣ್ಣಕ್ಕನೂ ಮನೆಮಂದಿಯ ಬಟ್ಟೆ ಒಗೆಯುತ್ತಿದ್ದೆವು. ಹಬ್ಬ ಹತ್ತಿರ ಬಂದರೆ ಕೌದಿಗಳು. ನೀರು ಕುಡಿದ ಕೌದಿಯನ್ನು ಆ ತುದಿಗೊಬ್ಬಳು ಈ ತುದಿಗೊಬ್ಬಳು ಹಿಡಿದು ತಿರುವಿ ಹಿಂಡುವಾಗ ಪಾಚಿಯ ಕಲ್ಲಿನ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ದಿನಬೆಳಗಾದರೆ ನೀರಿನ ಅಂಚಿನಲ್ಲಿ ನಿಲ್ಲುವವರು ನಾವು. ರಜೆ ಬಂದಾಗ ಮೋಜಿಗೆ ಇಳಿಯುವವನು ನೀನು. ಈಜು ಬರುವುದು ನಿನಗೆ. ಒಮ್ಮೆ ಅವ್ವ, “ಹುಡುಗೇರಿಗೂ ಒಂದೀಟು ಕಲಿಸ್ರಿ” ಅಂದಳು. “ತೊಯ್ದ ಬಟ್ಟ್ಯಾಗ ಮ್ಯಾಲೆದ್ದು ಬಂದ್ರ ಜನ ನೋಡ್ತಾರ” ಅಂದ ಅಪ್ಪ. ಮೇಲೆದ್ದು ಬರದಿದ್ದರೂ ಜನ ನೋಡುತ್ತಾರೆ ಅಂತ ಅವ್ವ ಹೇಳಬಹುದಿತ್ತು, ಹೇಳಲಿಲ್ಲ. ಅವಳೂ ಈಜು ಬಾರದೆ ಬೆಳೆದವಳು.

ಇನ್ನು ಜೇಬಿನ ವಿಷಯ. ಇದನ್ನು ಬಳ್ಳಾರಿಯಲ್ಲಿದ್ದವರಿಗೇ ಚೆನ್ನಾಗಿ ಹೇಳಲು ಬರುವುದು. ದಂಡಿನ ಕಾಲದಲ್ಲಿ ಸಿಪಾಯಿಗಳ ಬಟ್ಟೆ ಹೊಲಿಯುತ್ತಿದ್ದ ಊರು ಇದು ಅನ್ನುತ್ತಾರೆ. ಈಗ ಜೀನ್ಸಿನ ಊರು. ಕೌಲ್‌ಬಜಾರಿನ ಕಡೆ ನಡೆದು ಹೋದರೆ ಮನೆಮನೆಯಿಂದ ಮಿಷನ್ನಿನ ಸದ್ದು, ಚರಂಡಿಯಲ್ಲಿ ನೀಲಿ ನೀರು. ಹೊಲಿದ ಪ್ಯಾಂಟುಗಳು ಗಂಟುಕಟ್ಟಿ ಮನೆಗಳಿಗೆ ಬರುತ್ತವೆ. ಹೆಂಗಸರು ಹೊಸ್ತಿಲಲ್ಲಿ ಕೂತು ಉಳಿದ ದಾರ ಕತ್ತರಿಸುತ್ತಾರೆ, ಗುಂಡಿ ಹಚ್ಚುತ್ತಾರೆ, ಎಣಿಸಿ ಮಡಚುತ್ತಾರೆ. ಪ್ಯಾಂಟಿಗಿಷ್ಟು ಅಂತ ಕೂಲಿ. ಗಂಡಸರ ಒಂದು ಜೀನ್ಸಿಗೆ ಐದು ಜೇಬು: ಮುಂದೆರಡು, ಹಿಂದೆರಡು, ಬಲಗಡೆ ಜೇಬಿನೊಳಗೆ ಇನ್ನೊಂದು ಪುಟಾಣಿ. ಆ ಪುಟಾಣಿ ಜೇಬಿನಲ್ಲಿ ಏನಿಡಬೇಕು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ, ಆದರೂ ಇದೆ. ಅದರ ದಾರ ಕತ್ತರಿಸುವವಳ ನೈಟಿಗೆ ಒಂದೂ ಜೇಬಿಲ್ಲ. ಕೂಲಿಯ ನೋಟು ಮಡಚಿ ಕುಪ್ಪಸದೊಳಗೆ ಸಿಗಿಸಿಕೊಳ್ಳುತ್ತಾಳೆ. ಸಂಜೆ ಐದು ಜೇಬಿನವನು ಬಂದು ಕೇಳುತ್ತಾನೆ, ಹೋಗುತ್ತದೆ.

ಇದು ದೊಡ್ಡವರ ಮಾತಾಯಿತು ಅನ್ನಬೇಡ. ನಿನ್ನ ಮಗನಿಗೆ ನಡೆಯಲು ಬಂದಾಗಲೇ ಎರಡು ಜೇಬಿನ ಚಡ್ಡಿ ಹೊಲಿಸಿದ್ದೆ. ಉಗಾದಿಗೆ ಅವ್ವ ಅದರಲ್ಲಿ ಹತ್ತು ರೂಪಾಯಿಯ ನೋಟು ತುರುಕಿದಳು. ಅವನು ಅದರ ಮೇಲೆ ಕೈಯಿಟ್ಟುಕೊಂಡೇ ಮಲಗಿದ. ಮಗಳ ಫ್ರಾಕಿಗೆ ಜರಿ, ನೆರಿಗೆ, ಬೆನ್ನ ಹಿಂದೆ ದೊಡ್ಡ ಗಂಟು. ಜೇಬಿರಲಿಲ್ಲ. ಅವಳ ಹತ್ತು ರೂಪಾಯಿಯನ್ನು ‘ಕಳಕೊಂತಿ, ಇಲ್ಲಿ ಕೊಡು’ ಅಂತ ನಿನ್ನ ಹೆಂಡತಿ ಇಸಕೊಂಡಳು. ದುಡ್ಡು ತನ್ನದು ಅನ್ನುವುದು ಹುಡುಗನಿಗೆ ತೊಡೆಗೆ ತಾಗಿ ಗೊತ್ತಾಯಿತು. ದುಡ್ಡು ಇನ್ನೊಬ್ಬರ ಬಳಿ ಭದ್ರವಾಗಿರುತ್ತದೆ ಅನ್ನುವುದನ್ನು ಹುಡುಗಿ ಕಲಿತಳು. ಅದೇ ಪಾಠ ನಮಗೂ ಆಗಿದೆ ಅಂತ ನೀನು ನಂಬಿದ್ದೀ. ಆ ನಂಬಿಕೆಗೇ ಆಮೇಲೆ ಬರುತ್ತೇನೆ.

ಕುರುಗೋಡಿನ ಸಣ್ಣಕ್ಕನನ್ನು ನೀನು ಯಾವಾಗಲೂ ‘ಪಾಪ, ಅಕಿ ಓದಲಿಲ್ಲ’ ಅನ್ನುತ್ತೀ. ಓದಲಿಲ್ಲ ಅಲ್ಲ, ಬಿಡಿಸಿದರು. ಅವ್ವ ಭತ್ತದ ನಾಟಿಗೆ ಹೋದರೆ ನಿನ್ನನ್ನು ಎತ್ತಿಕೊಳ್ಳಲು ಒಬ್ಬರು ಬೇಕಿತ್ತು. 2011ರ ಜನಗಣತಿಯಲ್ಲಿ ಕರ್ನಾಟಕದ ಗಂಡಸರಲ್ಲಿ ನೂರಕ್ಕೆ 82 ಮಂದಿ, ಹೆಂಗಸರಲ್ಲಿ 68 ಮಂದಿ ಓದು ಬರಹ ಬಲ್ಲವರು. ನಡುವೆ ಕಾಣೆಯಾದ ಆ ಹದಿನಾಲ್ಕು ಮಂದಿ ಎಲ್ಲಿದ್ದರು ಅಂತ ಹುಡುಕುವುದು ಬೇಡ, ತಮ್ಮಂದಿರನ್ನು ಎತ್ತಿಕೊಂಡಿದ್ದರು. ಆ ಸಣ್ಣಕ್ಕನ ಹೊಲಕ್ಕೆ ಮೆಣಸಿನಕಾಯಿ ಕೊಯ್ಲಿನಲ್ಲಿ ಒಮ್ಮೆ ಹೋಗಿ ನೋಡು. ಎಲೆ ಮುರುಟಿದರೆ ಯಾವ ನುಸಿ, ಯಾವ ಔಷಧಿ ಅಂತ ಅಂಗಡಿಯವನಿಗೆ ಅವಳೇ ಹೇಳುತ್ತಾಳೆ. ಕಣದಲ್ಲಿ ಹರಡಿದ ಕಾಯಿಯಲ್ಲಿ ಬಿಳಿಚಿದ್ದನ್ನು ಬೇರೆ ಮಾಡುತ್ತಾಳೆ, ಬ್ಯಾಡಗಿಗೆ ಯಾವ ವಾರ ಕಳಿಸಬೇಕು ಅಂತ ಫೋನಿನಲ್ಲಿ ದರ ಕೇಳಿ ನಿರ್ಧರಿಸುತ್ತಾಳೆ. ರಾತ್ರಿ ಕೈ ಉರಿಗೆ ಬೆಣ್ಣೆ ಸವರಿಕೊಂಡು ಮಲಗುತ್ತಾಳೆ, ಮಗುವಿನ ಕಣ್ಣಿಗೆ ಕೈ ತಾಗದಂತೆ ಆ ಕಡೆ ತಿರುಗಿ. ಹೊಲದ ಪಹಣಿ ಅವಳ ಮಾವನ ಹೆಸರಿನಲ್ಲಿದೆ. ಹೊಲದಲ್ಲಿ ಬಗ್ಗುವುದು ಹೆಂಗಸಿನ ಸೊಂಟ, ಪಹಣಿಯಲ್ಲಿ ನೆಟ್ಟಗೆ ನಿಲ್ಲುವುದು ಗಂಡಸಿನ ಹೆಸರು. ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ನಾವೆಲ್ಲ ಸೇರಿದಾಗ ನೀನು ಮಗನಿಗೆ ಪ್ಲಾಸ್ಟಿಕ್ ಟ್ರ್ಯಾಕ್ಟರನ್ನೂ ಮಗಳಿಗೆ ಅಡುಗೆ ಸೆಟ್ಟನ್ನೂ ಕೊಡಿಸಿದ್ದೆ. ಸಣ್ಣಕ್ಕ ನಕ್ಕು, “ಟ್ರ್ಯಾಕ್ಟರ್ ನನಗ ಕೊಡಿಸಿದ್ರ ಉಪಯೋಗ ಆಕ್ಕಿತ್ತು” ಅಂದಳು. ನೀನೂ ನಕ್ಕೆ. ಅವಳು ತಮಾಷೆ ಮಾಡುತ್ತಿರಲಿಲ್ಲ.

ಅವ್ವನ ಆಸ್ಪತ್ರೆ ದಿನಗಳನ್ನೂ ಇಲ್ಲಿ ಹೇಳಿಬಿಡುತ್ತೇನೆ, ಚುಟುಕಾಗಿ. ಬಳ್ಳಾರಿಯಲ್ಲಿ ಅವಳನ್ನು ಸೇರಿಸಿದಾಗ ನಾನೂ ಸಣ್ಣಕ್ಕನೂ ಪಾಳಿ ಮೇಲೆ ಇದ್ದೆವು. ನೀನು ಬಂದೆ, ಎಳನೀರು ತಂದೆ, ಡಾಕ್ಟರ ಜೊತೆ ಗಂಡಸರ ದನಿಯಲ್ಲಿ ಮಾತಾಡಿದೆ, ಕಾರಿಡಾರಿನಲ್ಲಿ ನಿಂತೆ. ಮಲದ ಪಾತ್ರೆ ತರುವ ಹೊತ್ತಿಗೆ ನಿನಗೆ ಫೋನು ಬಂತು. ಊರಿಗೆ ಹೋದ ಮೇಲೆ, ಹೆಂಡತಿ ತವರಿನಲ್ಲಿದ್ದಳು ಅಂತ, ಅವ್ವನಿಗೇ ಫೋನು ಮಾಡಿದೆ. ಮೂಗಿನ ಆಮ್ಲಜನಕದ ಕೊಳವೆ ಆಗ ತಾನೇ ತೆಗೆದಿದ್ದರು. ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಕೇಳಿದೆ. “ಮ್ಯಾಲಿನ ಹಲಗಿ, ಬ್ಯಾಳಿ ಡಬ್ಬಿ ಹಿಂದ” ಅಂದಳು ಅವ್ವ, ಏದುಸಿರಿನಲ್ಲಿ. ಪಕ್ಕದ ಹಾಸಿಗೆಯ ಮುದುಕಿ, “ಮಗಾ ಏನವ್ವಾ? ಎಷ್ಟು ಕಾಳಜಿ ನೋಡು” ಅಂದಳು.

ನಿನ್ನನ್ನು ಬೈಯಲು ಬರೆಯುತ್ತಿಲ್ಲ. ನಿನ್ನನ್ನು ಹೀಗೆ ಮಾಡಿಟ್ಟವರ ಮೇಲೆ ನನಗೆ ಸಿಟ್ಟಿದೆ, ಅವರಲ್ಲಿ ಇಬ್ಬರು ಈಗ ಇಲ್ಲ. ಅಪ್ಪ ತೀರಿದ ದಿನ ಹೆಂಗಸರೆಲ್ಲ ಗಟ್ಟಿಯಾಗಿ ಅತ್ತೆವು, ಹಾಡಿಕೊಂಡು ಅತ್ತೆವು, ಅತ್ತು ಹಗುರಾದೆವು. ನಿನ್ನ ತುಟಿ ನಡುಗಿದ್ದನ್ನು ಕಂಡು ಅಜ್ಜಿ, “ಏ, ಗಂಡಸು ನೀನು” ಅಂದಳು. ಅಷ್ಟೇ ಮಾತು. ಆಮೇಲೆ ನೀನು ಬಣವೆ ಹಿಂದೆ ಗೋಡೆಗೆ ಹಣೆ ಹಚ್ಚಿ ನಿಂತದ್ದನ್ನು ನಾನು ನೋಡಿದ್ದೇನೆ. ಹೊರಗೆ ಬಂದಾಗ ಕಣ್ಣಿಗೆ ಹೊಟ್ಟು ಬಿತ್ತು ಅಂದೆ. ಗಂಡಸಿಗೇಕೆ ಗೌರಿ ದುಃಖ ಅನ್ನುವ ಗಾದೆ ಮಾಡಿದವರು ಗಂಡಸಿಗೆ ಬೇರೆ ದುಃಖವಾದರೂ ಯಾವುದು ಅಂತ ಹೇಳಿ ಹೋಗಲಿಲ್ಲ. ನಿನ್ನ ಮಗ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿ ಬಾಗಿಲು ಹಾಕಿಕೊಂಡಾಗ ನೀನೂ ಹೊರಗಿನಿಂದ ಅದೇ ಅಂದೆ: “ಹೆಣ್ಣಿನಂಗ ಅಳಬ್ಯಾಡಲೇ.” ಬೈಕಿಗಿಂತ ಅವನಿಗೆ ಆ ಹೊತ್ತಿನಲ್ಲಿ ಅಳುವ ಅನುಮತಿ ಅಗ್ಗಕ್ಕೆ ಸಿಗುತ್ತಿತ್ತು.

ಈ ಗಂಡಸಿನ ಅಚ್ಚು ಎಷ್ಟು ಬಿಗಿ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿ ಅಂತ ಹೆಸರಿಟ್ಟು, ಗಂಡು ಅಂತ ಬೆಳೆಸಿದ ಒಂದು ಮಗು ಇತ್ತು. ಅದಕ್ಕೆ ಹುಡುಗಿಯರ ಜೊತೆ ಇರುವುದು, ಕುಣಿಯುವುದು ಇಷ್ಟ. ಒಳಗಿನಿಂದ ತಾನು ಹೆಣ್ಣು ಅನ್ನುವುದು ಆ ಮಗುವಿಗೆ ಗೊತ್ತಿತ್ತು, ಮನೆಯವರಿಗೆ ಮಾತ್ರ ಗೊತ್ತಾಗಬಾರದಿತ್ತು. ಕೊನೆಗೆ ಹುಲಿಗಿಯಲ್ಲಿ ಮುತ್ತು ಕಟ್ಟಿಸಿ ಜೋಗತಿ ಮಾಡಿದರು. ಮನೆ ಬಿಟ್ಟು, ವಿಷ ಕುಡಿದು ಬದುಕಿ, ಭಿಕ್ಷೆ ಬೇಡಿ, ಕಾಳವ್ವ ಜೋಗತಿಯಿಂದ ಜೋಗತಿ ನೃತ್ಯ ಕಲಿತ ಆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ಹೋದಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದರು, ದೇಶವೆಲ್ಲ ನೋಡಿತು. ನೀನೂ ಆ ವಿಡಿಯೋವನ್ನು ನಮ್ಮ ಬಳ್ಳಾರಿಯ ಹೆಮ್ಮೆ ಅಂತ ಗುಂಪಿಗೆ ಹಾಕಿದ್ದೆ. ನಿನ್ನ ಮಗ ಚಿಕ್ಕವನಿದ್ದಾಗ ಅತ್ತೆಯ ಬಳೆ ಹಾಕಿಕೊಂಡದ್ದಕ್ಕೆ ಎಷ್ಟು ಜೋರಾಗಿ ಹೊಡೆದಿದ್ದೆ ಅನ್ನುವುದನ್ನು ಅದರ ಕೆಳಗೆ ಬರೆಯಲಿಲ್ಲ. ಅದು ನನ್ನ ಬಳೆ, ಗಾಜಿನದು, ಒಡೆಯಿತು.

ಹೀಗೆ ಕಷ್ಟಪಟ್ಟು ಬೆಳೆಸಿದ ಗಂಡುಮಕ್ಕಳನ್ನು ಮುಂದೆ ಯಾರಿಗಾದರೂ ಒಪ್ಪಿಸಬೇಕಲ್ಲ. ಅಲ್ಲಿ ಇನ್ನೊಂದು ಕಷ್ಟ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ರೈತ ಹುಡುಗರು ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಬ್ರಹ್ಮಚಾರಿಗಳ ಪಾದಯಾತ್ರೆ ಅಂತ ಟಿವಿಯಲ್ಲಿ ತೋರಿಸಿದರು, ನಾವೂ ನಕ್ಕೆವು. ಅದೇ ವರ್ಷದ ಕೊನೆಗೆ ಅದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಅಂತ ನೋಡಿ ಹೇಳುವ ಜಾಲ ಪೊಲೀಸರಿಗೆ ಸಿಕ್ಕಿತು. ಮಾದಪ್ಪ ಯಾವ ಅರ್ಜಿಗೆ ಮೊದಲು ಉತ್ತರ ಕೊಡಬೇಕು? ಮಂಡ್ಯದವರನ್ನೇ ಅನ್ನುವುದು ಸರಿಯಲ್ಲ. 2011ರ ಲೆಕ್ಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಇಡೀ ಕರ್ನಾಟಕದಲ್ಲೇ 948 ಹೆಣ್ಣುಮಕ್ಕಳು. ಆ ಮಕ್ಕಳು ಈಗ ಮದುವೆ ವಯಸ್ಸಿಗೆ ಬರುತ್ತಿದ್ದಾರೆ. ನಿನ್ನ ಮಗನೂ ಆ ಸಾವಿರದಲ್ಲೇ ಒಬ್ಬ. ಅಂಥವನಿಗೆ ಬರುವ ಹುಡುಗಿ ಡಿಗ್ರಿ ಓದಿರುತ್ತಾಳೆ. ಉಂಡ ತಾಟು ಯಾರು ಎತ್ತುತ್ತಾರೆ ಅಂತ ಮೊದಲ ವಾರವೇ ಕೇಳುತ್ತಾಳೆ.

ಈಗ ಮುಖ್ಯ ವಿಷಯ. ನೀನು ಫೋನು ಮಾಡಿದ್ದು ಅದಕ್ಕೇ ಅಲ್ಲವಾ?

ಅಪ್ಪನ ಪೌತಿ ಖಾತೆ ಮಾಡಿಸಬೇಕು, ಬ್ಯಾಂಕಿನವರು ಕೇಳುತ್ತಿದ್ದಾರೆ, ನೀವಿಬ್ಬರೂ ಒಂದು ದಿನ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೋಗಿ ಅಂದೆ. ಸೀರೆ ತಂದಿಟ್ಟಿದ್ದೀನಿ ಅಂತಲೂ ಅಂದೆ. ನಾಡಕಚೇರಿಯಲ್ಲಿ ಮಾಡಿಸಿದ ವಂಶವೃಕ್ಷದ ಫೋಟೋ ಕಳಿಸಿದ್ದೆಯಲ್ಲ, ಅದನ್ನು ದೊಡ್ಡದು ಮಾಡಿ ನೋಡಿದೆ. ಅಪ್ಪನ ಹೆಸರಿನ ಕೆಳಗೆ ನನ್ನ ಹೆಸರು, ಸಣ್ಣಕ್ಕನ ಹೆಸರು, ಆಮೇಲೆ ನಿನ್ನದು. ನಮ್ಮ ಮನೆಯ ಯಾವ ಮದುವೆ ಪತ್ರಿಕೆಯಲ್ಲೂ, ಯಾವ ಗೋಡೆಯ ಕಲ್ಲಿನಲ್ಲೂ ಹೆಣ್ಣುಮಕ್ಕಳ ಹೆಸರು ಅಷ್ಟು ಮೇಲೆ ಬಂದದ್ದಿಲ್ಲ. ಬಿಟ್ಟುಕೊಡುವ ದಿನ ಬಂದಾಗಲಾದರೂ ಕುಲದಲ್ಲಿ ಸೇರಿಸಿದಿರಲ್ಲ, ಸಂತೋಷವಾಯಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಅಜ್ಜಿ ಹೇಳುತ್ತಿದ್ದಳು. ಸಬ್ ರಿಜಿಸ್ಟ್ರಾರು ಹಾಗನ್ನುವುದಿಲ್ಲ.

ಈ ಸಹಿಯ ಹಿಂದಿನ ನ್ಯಾಯವನ್ನು ನಾನು ತುಂಬ ಯೋಚಿಸಿದೆ. ಅಡುಗೆ ಬರುವವಳು ಎಲ್ಲಿದ್ದರೂ ಉಣ್ಣುತ್ತಾಳೆ. ಬಟ್ಟೆ ಒಗೆಯಲು, ರೋಗಿ ನೋಡಲು, ನಾಟಿ ಹಚ್ಚಲು, ಕಾಯಿ ಆರಿಸಲು, ಗುಂಡಿ ಹಚ್ಚಲು, ಪಾಸಾಗಲು ಬರುವವಳಿಗೆ ಆಸ್ತಿ ಯಾಕೆ? ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಗೊತ್ತಿಲ್ಲದವನಿಗೆ ಏನಾದರೂ ಆಧಾರ ಬೇಡವೇ? ಮೊದಲು ಒಬ್ಬ ಹುಡುಗನನ್ನು ಯಾವ ಕೆಲಸಕ್ಕೂ ಬಾರದಂತೆ ಮುತುವರ್ಜಿಯಿಂದ ಬೆಳೆಸುವುದು, ಆಮೇಲೆ ಆ ನಷ್ಟಕ್ಕೆ ಪರಿಹಾರ ಅಂತ ಹೊಲ ಬರೆದುಕೊಡುವುದು. ಅಂಗವಿಕಲರ ಮಾಸಾಶನಕ್ಕಾದರೂ ಡಾಕ್ಟರ ಸರ್ಟಿಫಿಕೇಟು ಬೇಕು. ಇದಕ್ಕೆ ಅಕ್ಕಂದಿರ ಸಹಿ ಸಾಕು. ಗಂಡಿಗೆ ಆಸ್ತಿ ಯಾಕೆ ಕೊಡುತ್ತಾರೆ ಅನ್ನುವುದು ನನಗೆ ಈ ವಯಸ್ಸಿನಲ್ಲಿ ಅರ್ಥವಾಯಿತು.

ತುಂಗಭದ್ರೆಗೆ 1953ರಲ್ಲಿ ಅಣೆಕಟ್ಟು ಮುಗಿಯುವ ಮುಂಚೆ ಇದೇ ಹೊಲದಲ್ಲಿ ಮಳೆ ನೋಡಿಕೊಂಡು ಜೋಳ ಬಿತ್ತುತ್ತಿದ್ದರಂತೆ. ಆಗ ಈ ನೆಲಕ್ಕೆ ಯಾರೂ ಇಷ್ಟು ಆಸೆ ಪಡುತ್ತಿರಲಿಲ್ಲ ಅಂತ ಅಜ್ಜಿಯೇ ಹೇಳುತ್ತಿದ್ದಳು. ಕಾಲುವೆ ಬಂತು, ಭತ್ತ ಬಂತು, ಸೋನಾಮಸೂರಿ ಅಂದರೆ ಸಿರುಗುಪ್ಪ ಅನ್ನುವಂತಾಯಿತು, ಹೊಲಕ್ಕೆ ರೇಟು ಬಂತು. ರೇಟಿನ ಜೊತೆಗೇ ಅಕ್ಕತಂಗಿಯರ ಮೇಲೆ ಪ್ರೀತಿಯೂ ಬಂತು. ಪಂಚಮಿಗೆ ಕರೆಯಲು ಬಾರದ ತಮ್ಮಂದಿರು ರಿಜಿಸ್ಟ್ರಿಗೆ ಕಾರು ಮಾಡಿಕೊಂಡು ಬರುತ್ತಿದ್ದಾರೆ.

ಆದರೆ ಒಂದು ತೊಡಕಿದೆ. ಸರ್ಕಾರಕ್ಕೆ ನಮ್ಮ ಮನೆಯ ನ್ಯಾಯ ತಿಳಿದಿಲ್ಲ. 1994ರಲ್ಲೇ ಕರ್ನಾಟಕ ಕಾನೂನು ತಿದ್ದಿ ಮಗಳನ್ನೂ ಮಗನ ಹಾಗೆ ಪಿತ್ರಾರ್ಜಿತ ಆಸ್ತಿಯ ಪಾಲುಗಾರಳನ್ನಾಗಿ ಮಾಡಿತು. ಆಗಲೇ ಮದುವೆಯಾಗಿದ್ದವರು ಮಾತ್ರ ಹೊರಗುಳಿದರು, ನಾನು ಅವರಲ್ಲೊಬ್ಬಳು. ಅದೇ ವರ್ಷ ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆಯೂ ಬಂತು, ಹುಟ್ಟಲು ಒಂದು ಕಾನೂನು, ಪಾಲು ಪಡೆಯಲು ಒಂದು. 2005ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ ಬಂದು ಮದುವೆಯಾದವರು, ಆಗದವರು ಅನ್ನುವ ಭೇದ ಹೋಯಿತು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಗಳ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಅಂದಿತು. ಬಾಯಿಮಾತಿನಲ್ಲಿ ಎಂದೋ ಪಾಲಾಗಿದೆ ಅನ್ನುವ ಮಾತನ್ನೂ ಅದು ಸುಲಭಕ್ಕೆ ಒಪ್ಪುವುದಿಲ್ಲ. ನಿನ್ನ ವಕೀಲರು ನಿನಗೆ ಇಷ್ಟನ್ನೂ ಹೇಳಿರಬೇಕು. ಹೇಳಿದ್ದಕ್ಕೇ ಸೀರೆ ತಂದಿಟ್ಟಿದ್ದೀ.

ಸೀರೆ ಬೇಡ. ಒಂದು ಜೇಬಿರುವ ಬಟ್ಟೆ ಕೊಡಿಸಿದ್ದರೆ ಯೋಚಿಸುತ್ತಿದ್ದೆ.

ಹೊಲ ಉಳುವುದು ನೀನೇ, ಗುತ್ತಿಗೆ ನಾವೇನೂ ಕಟ್ಟುನಿಟ್ಟಾಗಿ ಕೇಳುವುದಿಲ್ಲ. ಅವ್ವನ ಪಾಲು ಅವ್ವನ ಹೆಸರಿಗೆ ಇರಲಿ, ಅವಳಿಗೂ ಒಂದು ಪಹಣಿ ನೋಡುವ ಆಸೆ ಇದ್ದೀತು. ಸಣ್ಣಕ್ಕನ ಜೊತೆ ಮಾತಾಡಿದ್ದೇನೆ. ಅವಳು ನನಗಿಂತ ಕಡಿಮೆ ಮಾತಿನಲ್ಲಿ ಇದನ್ನೇ ಹೇಳಿದಳು, ಬರೆದರೆ ಪತ್ರಿಕೆಯವರು ಹಾಕುವುದಿಲ್ಲ. ಮಗಳನ್ನು ಈ ಜೂನಿನಲ್ಲಿ ಬಳ್ಳಾರಿಗೆ ಕಳಿಸು, ನನ್ನ ಮನೆಯಲ್ಲಿರುತ್ತಾಳೆ. ಮಗನನ್ನೂ ರಜೆಯಲ್ಲಿ ಕಳಿಸು, ಅನ್ನ ಬಸಿಯುವುದನ್ನು, ಬೇಳೆ ಕುದಿಸುವುದನ್ನು ನಾನು ಕಲಿಸುತ್ತೇನೆ. ಇಲ್ಲಿ ಅವನು ಅತ್ತರೆ ಯಾರೂ ಏನೂ ಅನ್ನುವುದಿಲ್ಲ.

ಕುಟುಂಬದೊಳಗೆ ಮಾಡಿಕೊಳ್ಳುವ ವಿಭಾಗ ಪತ್ರಕ್ಕೆ ಮುದ್ರಾಂಕ ಶುಲ್ಕ ಹೊಲದ ಬೆಲೆಯ ಮೇಲಲ್ಲ, ಪಾಲಿಗಿಷ್ಟು ಅಂತ ಗೊತ್ತುಪಡಿಸಿದ್ದು. ನೀನು ಬರೆಸಿಟ್ಟಿರುವ ಹಕ್ಕು ಬಿಡುಗಡೆ ಪತ್ರಕ್ಕಿಂತ ಅದರಿಂದ ನಿನಗೇನೂ ದೊಡ್ಡ ಖರ್ಚಾಗುವುದಿಲ್ಲ. ಸರ್ವೆಯವರ ಹತ್ತಿರ 11ಇ ನಕ್ಷೆ ಮಾಡಿಸು, ನಾಲ್ಕು ಪಾಲಿನ ವಿಭಾಗ ಪತ್ರ ಬರೆಸು, ತಾರೀಖು ತಿಳಿಸು. ಆಧಾರ್ ಕಾರ್ಡು ತಗೊಂಡು ನಾವಿಬ್ಬರೂ ಪುಕ್ಕಟೆ ಬಸ್ಸಿನಲ್ಲೇ ಬರುತ್ತೇವೆ, ಕಾರು ಕಳಿಸಬೇಡ.